ಅಜ್ಜನ ಗಾಡಿಯ ತಲೆ ಇಳಿಸಿದ್ದು

ಬೇಸಗೆಯ ರಜೆಗೆ ಹುಟ್ಟೂರಿಗೆ ಬಂದ ಕಾಲೇಜು ಅಧ್ಯಾಪಕನನ್ನು ಊರಿನವರು ನೋಡುವ ನೋಟದಲ್ಲಿ ಗೌರವದೊಡನೆ ತುಸು ಮರುಕವೂ ಬೆರೆತಿರುತ್ತದೆ. “ಇನ್ನೂ ಎಷ್ಟು ದಿನ ಸೂಟಿ?” ಎಂದು ಕೇಳುವಾಗ ಅವರ ಮರುಕವು ನನ್ನ ಮೇಲೋ, ನನಗೆ ಸಂಬಳ ಕೊಡುವವರ ಮೇಲೋ ಎಂಬುದನ್ನು ನಾನು ಈವರೆಗೆ ನಿರ್ಧರಿಸಲಾರದೆ ಹೋಗಿದ್ದೇನೆ. ಆದರೆ ಈ ಸಲ ಇಟಗಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮಹಾದೇವ ದೇವಾಲಯದ ಕಡೆಗೆ ಸಂಜೆ ತಿರುಗಾಡಲು ಹೊರಟವನನ್ನು ಹಿರಿಯರೊಬ್ಬರು ತಡೆದು ನಿಲ್ಲಿಸಿ, “ಏನಪಾ ತಮ್ಮಾ, ನಿಮ್ಮ ಅಜ್ಜನ ಗಾಡಿದು ತಲಿ ತಗದ್ರಂತ? ಪಾಪ, ಅದೇನು ಮಾಡಿತ್ತು ನಿಮಗ?” ಎಂದರು.

ಅದು ಏನೂ ಮಾಡಿರಲಿಲ್ಲ. ಏನಾದರೂ ಮಾಡುವುದನ್ನು ಬಿಟ್ಟು ಅದಕ್ಕೆ ಮೂವತ್ತು ವರ್ಷ ಮೀರಿತ್ತು, ಅಷ್ಟೆ. ಆದರೂ ತಲೆ ತೆಗೆದದ್ದು ನಿಜ. ಹೇಗೆ ತೆಗೆದೆವು, ತೆಗೆಯುವಾಗ ಈ ಲೇಖಕನಿಂದ ಆದ ಅಪಚಾರವೇನು, ತೆಗೆದ ಮೇಲೆ ಕಂಡದ್ದೇನು ಎಂಬುದನ್ನು ಈ ವಾರದ ಅಂಕಣದಲ್ಲಿ ಒಪ್ಪಿಸಿಬಿಡುತ್ತೇನೆ. ಊರಿನಲ್ಲಿ ಹಬ್ಬಿರುವ ಪಾಠಾಂತರಗಳಿಗಿಂತ ಲೇಖಕನ ಸ್ವಹಸ್ತಪ್ರತಿಯೇ ಮೇಲಲ್ಲವೆ?

ಗಾಡಿಯೆಂದರೆ ಎತ್ತಿನ ಬಂಡಿಯಲ್ಲ. ಷೆವ್ರೊಲೆ ಕಂಪನಿಯ ಪಿಕಪ್ಪು. ನಮ್ಮೂರ ನಾಲಗೆಯ ಮೇಲೆ ಅದು ‘ಶೆವರ್ಲೇಟ’. ಮುಂದೆ ಇಬ್ಬರು ಸುಖವಾಗಿ, ಮೂವರು ಸ್ನೇಹದಿಂದ, ನಾಲ್ವರು ನಿರ್ವಾಹವಿಲ್ಲದೆ ಕುಳಿತುಕೊಳ್ಳಬಹುದಾದ ಕ್ಯಾಬಿನ್ನು. ಹಿಂದೆ ಮಾಲು ಹೇರುವ ತೊಟ್ಟಿ. ಜನರಲ್ ಮೋಟರ್ಸ್ ಸಂಸ್ಥೆಯವರು 1928ರಲ್ಲಿಯೇ ಮುಂಬಯಿಯ ಸೆವ್ರಿಯಲ್ಲಿ ಕಾರ್ಖಾನೆ ತೆರೆದು, ಹಡಗಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದ ಭಾಗಗಳನ್ನು ಅಲ್ಲಿ ಜೋಡಿಸಿ ಮಾರುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ, ಬರಿಯ ಜೋಡಣೆ ಸಾಲದು, ಭಾಗಗಳನ್ನು ಈ ದೇಶದಲ್ಲಿಯೇ ತಯಾರಿಸುವವರು ಮಾತ್ರ ಉಳಿಯಲಿ ಎಂದು ಸರಕಾರ ನಿಯಮ ಮಾಡಿತು. 1954ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ನಮ್ಮದು 1951ರ ಗಾಡಿ. ಹುಬ್ಬಳ್ಳಿಯ ಅರಳೆಯ ವ್ಯಾಪಾರಿಯೊಬ್ಬರಿಂದ ನಮ್ಮ ಅಜ್ಜ ಅದನ್ನು 1963ರಲ್ಲಿ ಕೊಂಡು ತಂದರು. ಅಂದಿನಿಂದ ಕಾಲು ಶತಮಾನ ಅದು ಮೆಣಸಿನಕಾಯಿ, ಶೇಂಗಾಗಳನ್ನು ಗದಗಿನ ಪೇಟೆಗೂ, ಮದುಮಕ್ಕಳನ್ನು ಬೀಗರ ಊರುಗಳಿಗೂ, ಹೆರಿಗೆಯ ಹೆಂಗಸರನ್ನು ಆಸ್ಪತ್ರೆಗೂ ಸಾಗಿಸಿತು. ಪೆಟ್ರೋಲಿನ ಬೆಲೆ ಏರಿ, ಡೀಸೆಲ್ಲಿನ ಗಾಡಿಗಳು ಬಂದು, ಅಜ್ಜನ ಕಣ್ಣು ಮಂದವಾಗಿ, ಒಂದು ದಿನ ಹಿತ್ತಿಲ ಬೇವಿನ ಮರದ ಕೆಳಗೆ ನಿಂತದ್ದು ಮತ್ತೆ ಕದಲಲಿಲ್ಲ. ನನ್ನ ಬಾಲ್ಯಕ್ಕೆ ಅದು ವಾಹನವಲ್ಲ. ಅಡಗಿ ಆಡುವ ಮನೆ. ಅದರ ಸೀಟಿನ ಹಿಂದಿನ ಕತ್ತಲಲ್ಲಿ ಅಡಗಿ ನಾನು ಗೆದ್ದ ಆಟಗಳಿಗೆ ಲೆಕ್ಕವಿಲ್ಲ.

ಈಗ ನಮ್ಮ ತಂದೆಯವರಿಲ್ಲ. ಗಾಡಿಯ ವಾರಸುದಾರರೆಂದರೆ 74 ವರ್ಷದ ನಮ್ಮ ಕಾಕಾ. ಹದಿನಾರನೆಯ ವಯಸ್ಸಿಗೆ ಅದೇ ಗಾಡಿಗೆ ಕ್ಲೀನರಾಗಿ, ಇಪ್ಪತ್ತಕ್ಕೆ ಡ್ರೈವರಾಗಿ, ಅಜ್ಜನಿಂದ ಬೈಗಳನ್ನೂ ವಿದ್ಯೆಯನ್ನೂ ಸಮಪ್ರಮಾಣದಲ್ಲಿ ಪಡೆದವರು. ಅವರ ಮಗ ಬೆಂಗಳೂರಿನಲ್ಲಿದ್ದಾನೆ. ಹಿತ್ತಿಲಿನಲ್ಲಿ ಮನೆ ಕಟ್ಟಿಸಬೇಕೆಂಬುದು ಅವನ ಯೋಚನೆ. ಗುಜರಿಯವನನ್ನು ಕರೆಸಿ, ಕಿಲೋಗೆ ಇಷ್ಟೆಂದು ದರವನ್ನೂ ಗೊತ್ತುಮಾಡಿದ್ದ. ತಪ್ಪೆನ್ನಲಾಗದು, ನೆಲದ ಬೆಲೆ ಬಲ್ಲವರು ನೆನಪಿನ ಮೇಲೆ ಮನೆ ಕಟ್ಟುವುದಿಲ್ಲ. ಕಾಕಾ ಒಪ್ಪಿಯೂ ಆಗಿತ್ತು. ಅಷ್ಟರಲ್ಲಿ ಅವರು ಮದುವೆಯೊಂದಕ್ಕೆಂದು ಮೈಸೂರಿಗೆ ಹೋದರು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳ ಕ್ಷೇತ್ರದವರು 2023ರಲ್ಲಿ ತೆರೆದ ‘ಪಯಣ’ ಎಂಬ ಹಳೆಯ ಕಾರುಗಳ ಸಂಗ್ರಹಾಲಯವನ್ನು ಬೀಗರು ತೋರಿಸಿದರು. ನೋಡಿ ಬಂದವರು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಗುಜರಿಯವನಿಗೆ ಮುಂಗಡ ಹಿಂದಿರುಗಿಸಿ, ನನಗೆ ಫೋನು ಮಾಡಿ, “ಸೂಟಿಗೆ ಬಾ. ಗಾಡಿ ಬಿಚ್ಚೂಣು” ಎಂದರು. ಮಗನಿಗೆ ಮುಂದಿನ ಯುಗಾದಿಯವರೆಗೆ ವಾಯಿದೆ ಹೇಳಿದರು. ಅಷ್ಟರೊಳಗೆ ಗಾಡಿ ತನ್ನ ಕಾಲ ಮೇಲೆ ಹಿತ್ತಿಲಿನಿಂದ ಹೊರಗೆ ಹೋಗದಿದ್ದರೆ ಗುಜರಿಗೆ. ಇದು ತಂದೆ ಮಕ್ಕಳ ಒಪ್ಪಂದ.

ಮೊದಲು ಬಂದು ನೋಡಿದವನು ಲಾರಿಗಳಿಗೆ ಮೈ ಕಟ್ಟುವ ಕಸುಬಿನವನು. ಕ್ಯಾಬಿನ್ನಿನ ತಳಕ್ಕೆ ಬೆರಳು ಒತ್ತಿದ. ತಗಡಿನೊಳಕ್ಕೆ ಬೆರಳು ಹೋಯಿತು. “ಇದನ್ನ ಒಗದು ಹೊಸಾದು ಬಡದ ಕೊಡ್ತೀನ್ರಿ, ಹದಿನೈದು ದಿನ” ಎಂದು ಹೇಳಿ ಹೋದ. ಎರಡನೆಯವರು ಕೊಪ್ಪಳದ ಹಳೆಯ ಮಿಸ್ತ್ರಿ. ಎಲ್ಲರಿಗೂ ಅವರು ಚಾಚಾ, ನನಗೂ ಚಾಚಾ. ಅವರು ತಳವನ್ನು ಮುಟ್ಟಲೇ ಇಲ್ಲ. ಬಾಗಿಲು ತೆರೆದು, ಬಾಗಿಲ ಕಂಬದ ಮೇಲೆ ರಿವೆಟು ಹೊಡೆದು ಕೂರಿಸಿದ್ದ ಅಂಗೈಯಗಲದ ತಗಡಿನ ಪಟ್ಟಿಯನ್ನು ಎಣ್ಣೆ ಬಟ್ಟೆಯಿಂದ ಒರೆಸಿದರು. ಅಕ್ಷರಗಳೂ ಅಂಕಿಗಳೂ ಮೆಲ್ಲಗೆ ಕಾಣಿಸಿಕೊಂಡವು. “ಸಾವಕಾರ್ರ, ಈ ಗಾಡಿ ಹೆಸರು ಇಲ್ಲೈತಿ. ತಲಿ ಬದಲ ಮಾಡಿದ್ರ ಹೆಸರೂ ಬದಲ ಆಕ್ಕೈತಿ” ಎಂದರು.

ಆ ಮಾತಿನಲ್ಲಿ ವ್ಯವಹಾರವೂ ಇತ್ತು. 2021ರಲ್ಲಿ ಕೇಂದ್ರ ಸರಕಾರವು ಪುರಾತನ ವಾಹನಗಳ ನೋಂದಣಿಗೆಂದು ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ವಯಸ್ಸು 50 ವರ್ಷ ಮೀರಿರಬೇಕು, ಮೂಲರೂಪದಲ್ಲಿ ಉಳಿದಿರಬೇಕು, ಚಾಸಿ, ಮೈ, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ಹಾಗಿದ್ದರೆ 20,000 ರೂಪಾಯಿ ಶುಲ್ಕಕ್ಕೆ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ, ಹತ್ತು ವರ್ಷಗಳ ಮಟ್ಟಿಗೆ. ಪ್ರದರ್ಶನ, ಮೆರವಣಿಗೆಗಳಿಗೆ ಹೊರತು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಸ್ವಂತಕ್ಕೆ ಬಳಸುವ ವಾಹನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಿಯಮವಾದ್ದರಿಂದ, ಮೆಣಸಿನಕಾಯಿ ಹೇರಿದ ಗಾಡಿಗೆ ಅದು ಅನ್ವಯವಾಗುವುದು ಸುಲಭವಲ್ಲವೆಂದು ಪರಿಚಿತ ವಕೀಲರು ಎಚ್ಚರಿಸಿದರು. ಕಾಕಾ, “ಮೆಣಸಿನಕಾಯಿಗಿಂತ ಲಗ್ನಕ್ಕ ಹೋಗಿದ್ದ ಜಾಸ್ತಿ ಅಂತ ಹೇಳ್ರಿ” ಎಂದು ವಾದವನ್ನು ಸಿದ್ಧಪಡಿಸಿಕೊಟ್ಟರು. ಅಜ್ಜನ ಟ್ರಂಕಿನಲ್ಲಿ ಹಳೆಯ ನೋಂದಣಿ ಪುಸ್ತಕವೂ ಸಿಕ್ಕಿತು, ಇಲಿಗಳ ಅಭಿಪ್ರಾಯಗಳು ಅಂಚಿನಲ್ಲಿದ್ದರೂ ಅಂಕಿಗಳು ಅಳಿಯದೆ. ಮುಂದಿನದು ಕಚೇರಿಯ ವಿಚಾರ. ನಮ್ಮ ಕೈಯಲ್ಲಿದ್ದುದು ಒಂದೇ: ಆ ಪಟ್ಟಿಯನ್ನು ಹೊತ್ತ ಕ್ಯಾಬಿನ್ನನ್ನು ಉಳಿಸುವುದು.

ಉಳಿಸಬೇಕಾದರೆ ತೆಗೆಯಬೇಕು. ಇದು ನನಗೆ ಮೊದಲು ವಿರೋಧಾಭಾಸ ಅಲಂಕಾರದಂತೆ ಕೇಳಿಸಿತು. ಚಾಚಾ ನೆಲದ ಮೇಲೆ ಮಲಗಿಸಿ ತೋರಿಸಿದ ಮೇಲೆ ಅರ್ಥವಾಯಿತು. ತಗಡು ತಿನ್ನುವ ತುಕ್ಕು ಮೇಲಿನಿಂದ ಬರುವುದಿಲ್ಲ. ಕ್ಯಾಬಿನ್ನಿನ ನೆಲಕ್ಕೂ ಚಾಸಿಗೂ ನಡುವೆ ಇರುವ ಸಂದಿಯಲ್ಲಿ ಎರೆಮಣ್ಣು ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಹೀರಿ ಬೇಸಗೆಯವರೆಗೂ ತೇವ ಹಿಡಿದಿಡುತ್ತದೆ. ಎರೆಯ ಈ ಗುಣವನ್ನು ಹೊಲದಲ್ಲಿ ನಾವು ಹೊಗಳುತ್ತೇವೆ. ಕಂಬಗಳ ಬುಡವೂ ಬಾಗಿಲ ಹೊಸ್ತಿಲೂ ಹೀಗೆ ಒಳಗಿನಿಂದಲೇ ಸವೆಯುತ್ತವೆ. ಕ್ಯಾಬಿನ್ನು ಕೂತಲ್ಲಿಯೇ ಇದ್ದರೆ ಆ ಸಂದಿಗೆ ಕೈ ಹೋಗದು, ಬೆಂಕಿ ಹೋಗದು, ಬಣ್ಣವೂ ಹೋಗದು.

ಕೆಲಸ ಆರಂಭವಾದಾಗ ನನಗೆ ದೊರೆತ ಹುದ್ದೆ ಗುಮಾಸ್ತನದು. ಬಿಚ್ಚಿದ ಪ್ರತಿಯೊಂದು ಬೋಲ್ಟು, ತಂತಿ, ಪಟ್ಟಿಗಳಿಗೆ ಚೀಟಿ ಕಟ್ಟಿ ಡಬ್ಬಿಗೆ ಹಾಕಿ ದಫ್ತರಿನಲ್ಲಿ ಬರೆದುಕೊಳ್ಳಬೇಕು. ಕನ್ನಡ ಎಂ.ಎ. ಪದವಿಗೆ ಇಟಗಿಯಲ್ಲಿ ದೊರೆತ ಪ್ರಥಮ ಉಪಯೋಗವಿದು. ನಾನು ಉತ್ಸಾಹದಿಂದ ‘ವೇಗಮಾಪಕದ ತಂತು’ ಎಂದು ಬರೆದೆ. ಚಾಚಾ ಓದಿಸಿ ಕೇಳಿ, “ಮೀಟರ್ ವಾಯರ್ ಅಂತ ಬರೀರಿ ಸರ. ನಾಳಿ ನಾ ಇರೂದಿಲ್ಲ, ಜೋಡಸಾಂವಗ ತಿಳೀಬೇಕಲ್ಲ” ಎಂದರು. ಪಾರಿಭಾಷಿಕ ಪದಗಳ ಬಗ್ಗೆ ನಾನು ಕೇಳಿದ ಉಪನ್ಯಾಸಗಳಲ್ಲಿ ಇಷ್ಟು ಸಂಕ್ಷಿಪ್ತವಾದುದು ಇನ್ನೊಂದಿಲ್ಲ. ಡಬ್ಬಿಗಳಿಗೆ ವರ್ಣಮಾಲೆಯ ಅಕ್ಷರಗಳನ್ನು ಕೊಟ್ಟೆ. ಜೀವಮಾನವಿಡೀ ನಿರುದ್ಯೋಗಿಗಳಾಗಿದ್ದ ‘ಙ’ ಮತ್ತು ‘ಞ’ಗಳಿಗೆ ಕೊನೆಗೂ ಕೆಲಸ ಸಿಕ್ಕಿತು: ಮೊದಲನೆಯದಕ್ಕೆ ಬಾಗಿಲ ತಿರುಗಣಿಯ ತಿರುಪುಗಳು, ಎರಡನೆಯದಕ್ಕೆ ಹೆಸರು ತಿಳಿಯದ ಎಲ್ಲವೂ. ಚಾಚಾರ ಕೈಕೆಳಗಿನ ಹುಡುಗ ಮಾತ್ರ ನನ್ನ ದಫ್ತರವನ್ನು ಕನಿಕರದಿಂದ ನೋಡಿ, ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದ.

ನೋಡುವವರಿಗೆ ಕ್ಯಾಬಿನ್ನು ಒಂದು ಪೆಟ್ಟಿಗೆ. ನಾಲ್ಕು ಬೋಲ್ಟು ಬಿಚ್ಚಿದರೆ ಮುಗಿಯಿತು ಎನಿಸುತ್ತದೆ. ವಾಸ್ತವವಾಗಿ ಅದು ಕೆಳಗಿನ ಗಾಡಿಯೊಡನೆ ನೂರು ನಂಟುಗಳಿಂದ ಬೆಸೆದುಕೊಂಡಿರುತ್ತದೆ. ಸ್ಟೇರಿಂಗಿನ ಕಂಬವು ನೆಲವನ್ನು ತೂರಿಕೊಂಡು ಹೋಗಿ ಚಾಸಿಗೆ ಕೂತ ಪೆಟ್ಟಿಗೆಯನ್ನು ಸೇರುತ್ತದೆ. ಕ್ಲಚ್ಚು, ಬ್ರೇಕುಗಳ ಪೆಡಲುಗಳು ಕ್ಯಾಬಿನ್ನಿನವೇ ಅಲ್ಲ. ಅವುಗಳ ಬೇರು ಕೆಳಗೆ, ಚಾಸಿಯಲ್ಲಿ. ಅವು ನೆಲದ ರಂಧ್ರದಿಂದ ತಲೆ ಎತ್ತಿವೆ, ಅಷ್ಟೆ. ಈ ಗಾಡಿಯನ್ನು ಚಾಲೂ ಮಾಡುವುದೂ ಕಾಲಿನಿಂದಲೇ. ಅದಕ್ಕೊಂದು ಬೇರೆ ತುಳಿಗೋಲು. ಎಣ್ಣೆಯ ಒತ್ತಡ ತೋರಿಸುವ ಮುಳ್ಳಿಗೆ ಇಂಜಿನ್ನಿನಿಂದ ಸಣ್ಣ ಕೊಳವೆ ಬರುತ್ತದೆ. ಇಂಜಿನ್ನಿನ ಕಾವು ತೋರಿಸುವ ಮುಳ್ಳಿಗೆ ಅದಕ್ಕಿಂತ ಸಪೂರವಾದ, ಕೂದಲೆಳೆಯಂಥ ಇನ್ನೊಂದು ಕೊಳವೆ. ಅದರ ತುದಿಯ ಗುಂಡಿನಲ್ಲಿ ಈಥರ್ ದ್ರವವನ್ನು ತುಂಬಿ ಮೊಹರು ಮಾಡಿರುತ್ತಾರೆ. ಕಾವೇರಿದಂತೆ ಆವಿಯ ಒತ್ತಡ ಏರಿ ಮುಳ್ಳು ಸರಿಯುತ್ತದೆ. ಒಮ್ಮೆ ಮುರಿದರೆ ಬೆಸೆದು ಸರಿಪಡಿಸುವಂಥದಲ್ಲ. ಅದನ್ನು ಇಂಜಿನ್ನಿನ ಕಡೆಯಿಂದ ಬಿಡಿಸಿ, ಗುಂಡನ್ನು ಹೊರತೆಗೆದು, ಗೋಡೆಯ ರಂಧ್ರದಿಂದ ನುಸುಳಿಸಿ ಕ್ಯಾಬಿನ್ನಿನೊಳಗೆ ಸುರುಳಿ ಸುತ್ತಿ ಇಡುವುದಕ್ಕೆ ಚಾಚಾ ಅರ್ಧ ದಿನ ತೆಗೆದುಕೊಂಡರು. ಆ ಹೊತ್ತಿನಲ್ಲಿ ಅವರ ಬಳಿ ಮಾತಾಡಿಸಲು ಹೋದವರು ಮರ್ಯಾದೆ ಕಳೆದುಕೊಂಡು ಬಂದರು. ನಾನೂ ಅವರಲ್ಲೊಬ್ಬ.

ಮತ್ತೊಂದು ವಿಷಯದಲ್ಲಿಯೂ ಚಾಚಾ ಕಟ್ಟುನಿಟ್ಟು. ಈ ಮಾದರಿಯ ಗಾಡಿಗಳಲ್ಲಿ 1949ರಿಂದ ಪೆಟ್ರೋಲಿನ ಟಾಕಿಯನ್ನು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನಿಗೆ ನಿಲ್ಲಿಸಿರುತ್ತಾರೆ. ನನ್ನ ಬಾಲ್ಯದ ಅಡಗುದಾಣದ ಗೋಡೆ ಅದೇ ಆಗಿತ್ತೆಂದು ತಿಳಿದಾಗ ಬೆನ್ನಿನಲ್ಲಿ ಚಳಿ ಹುಟ್ಟಿತು. “ಮೂವತ್ತು ವರ್ಷದಿಂದ ಖಾಲಿ ಐತಲ್ಲ ಚಾಚಾ” ಎಂದೆ. “ತುಂಬಿದ ಟಾಕಿ ಉರೀತೈತಿ, ಖಾಲಿ ಟಾಕಿ ಸಿಡೀತೈತಿ” ಎಂದರು. ಪೆಟ್ರೋಲಿನ ಆವಿ ಗಾಳಿಯೊಡನೆ ಬೆರೆತಾಗಲೇ ಸ್ಫೋಟಕವಾಗುವುದು. ತುಂಬಿದ ಪಾತ್ರೆಯಲ್ಲಿ ಗಾಳಿಗೆ ಎಡೆಯೆಲ್ಲಿ? ಟಾಕಿ ಹೊರಬಂದು, ಬಾವಿಯ ಆಚೆ ಬದಿಗೆ ಹೋಗಿ, ನೀರು ತುಂಬಿಸಿಕೊಂಡು ಕೂತ ಮೇಲೆಯೇ ಗ್ಯಾಸಿನ ಜ್ವಾಲೆ ಹಿತ್ತಿಲಿಗೆ ಬಂದದ್ದು. ಆಮೇಲೆ ಬೋಲ್ಟುಗಳ ಸರದಿ. ಮೂರು ದಿನ ಡೀಸೆಲ್ಲು ಕುಡಿಸಿದೆವು. ಕೆಲವು ಒಲಿದವು. ಕೆಲವಕ್ಕೆ ಕಾವು ತೋರಿಸಬೇಕಾಯಿತು. ಎರಡರ ತಲೆ ಮುರಿದು ಕೈಗೆ ಬಂತು. ನಾನು ಪಾನಾ ಹಿಡಿದು ಜೋರು ಮಾಡುವುದನ್ನು ಕಂಡು ಚಾಚಾ, “ಬೋಲ್ಟಿನ ಮ್ಯಾಲ ಸಿಟ್ಟು ಮಾಡಬಾರದು ಸರ. ಮೊದಲ ಅದನ್ನ ಸ್ವಲ್ಪ ಬಿಗಿ ಮಾಡ್ರಿ, ಆಮ್ಯಾಲ ಸಡ್ಲ ಮಾಡ್ರಿ” ಎಂದರು. ಹಾಗೆ ಮಾಡಿದಾಗ ಹಿಡಿದ ತುಕ್ಕು ಒಡೆದು ನಟ್ಟು ತಿರುಗಿತು.

ಎತ್ತುವ ದಿನ ಬಂತು. ಬೇವಿನ ಕೊಂಬೆಗೆ ಸರಪಳಿ ಕಟ್ಟೋಣ ಎಂದು ಓಣಿಯ ಹುಡುಗರು ಹೇಳಿದರು. “ಇಷ್ಟು ವರ್ಷ ನೆರಳು ಕೊಟ್ಟೈತಿ, ಅದರ ತೋಳು ಮುರೀಬ್ಯಾಡ್ರಿ” ಎಂದು ಚಾಚಾ ಮೂರು ತೊಲೆಗಳನ್ನು ನೆಟ್ಟು ಮುಕ್ಕಾಲಿ ಮಾಡಿ, ಅದಕ್ಕೆ ಚೈನ್ ಪುಲ್ಲಿ ತೂಗಹಾಕಿದರು. ಭಾರ ಕಡಿಮೆಯಾಗಲೆಂದು ಬಾಗಿಲು, ಗಾಜು, ಬಾನೆಟ್ಟು, ಮಡ್‌ಗಾರ್ಡುಗಳನ್ನು ಮೊದಲೇ ತೆಗೆದಿತ್ತು. ಹಗ್ಗ ಉಜ್ಜಿ ತಗಡು ಮುರಿಯದಂತೆ ಮಾಳಿಗೆಯ ಅಂಚಿಗೆಲ್ಲ ಅವ್ವನ ಹಳೆಯ ಕೌದಿಗಳನ್ನು ಸುತ್ತಿದೆವು. ಚಾಚಾ ನನ್ನ ಕಡೆಗೆ ತಿರುಗಿ, “ಸರ, ತಳದ ಬೋಲ್ಟು ನಾಕೂ ಬಂದಾವಲ್ಲ?” ಎಂದು ಕೇಳಿದರು. ನಾನು ದಫ್ತರ ತೆರೆದೆ. ‘ಠ’ ಡಬ್ಬಿ, ತಳದ ಬೋಲ್ಟುಗಳು, ನಾಲ್ಕು. ಡಬ್ಬಿಯನ್ನೂ ಅಲುಗಾಡಿಸಿ ನೋಡಿದೆ, ನಾಲ್ಕಿದ್ದವು. “ಬಂದಾವ” ಎಂದೆ.

ಸರಪಳಿ ಟಕಟಕನೆ ಏರಿತು. ಕ್ಯಾಬಿನ್ನು ನಾಲ್ಕು ಬೆರಳಿನಷ್ಟು ಎದ್ದಿತು. ಎಡಕ್ಕೆ ಎದ್ದಿತು ಎನ್ನಬೇಕು. ಬಲಗಡೆಯ ಹಿಂದಿನ ಮೂಲೆ ನೆಲ ಹಿಡಿದ ಹಟಮಾರಿ ಎತ್ತಿನಂತೆ ಕದಲಲಿಲ್ಲ. ಆಮೇಲೆ ಒಂದು ಸದ್ದು. ದೊಡ್ಡದಲ್ಲ, ಒಣಗಿದ ಜೋಳದ ದಂಟು ಮುರಿದಂಥದು. “ಇಳಸ್ರಿ!” ಎಂದು ಚಾಚಾ ಕೂಗುವಷ್ಟರಲ್ಲಿ ಬಲಬಾಗಿಲ ಹಿಂದಿನ ಕಂಬದ ಬುಡ ಹರಿದು, ಬಾಗಿಲ ಚೌಕಟ್ಟು ಬಾಯಿ ಬಿಟ್ಟಿತ್ತು. ಇಳಿಸಿದ ಮೇಲೆ ಬಾಗಿಲು ತಂದು ಹಚ್ಚಿ ನೋಡಿದರೆ, ಬಾಗಿಲಿಗೂ ಕಂಬಕ್ಕೂ ನಡುವೆ ನನ್ನ ಹೆಬ್ಬೆರಳು ಸಲೀಸಾಗಿ ತೂರಿತು.

ನಾಲ್ಕನೆಯ ಬೋಲ್ಟು ತಳದ್ದಾಗಿರಲಿಲ್ಲ. ಮಡ್‌ಗಾರ್ಡಿನದು. ಅಳತೆ ಒಂದೇ ಆದ್ದರಿಂದ, ಕೈಗೆ ಬಂದ ಹೊತ್ತಿನಲ್ಲಿ ನಾನೇ ‘ಠ’ ಡಬ್ಬಿಗೆ ಹಾಕಿ, ನಾನೇ ಬರೆದುಕೊಂಡು, ನಾನೇ ಸಾಕ್ಷಿ ನುಡಿದಿದ್ದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅಂಕಗಳ ಮೊತ್ತ ತಪ್ಪಿದರೆ ಮರುಎಣಿಕೆಗೆ ಅವಕಾಶವಿದೆ. ಹರಿದ ಕಂಬಕ್ಕೆ ಅಂಥ ಅವಕಾಶವಿಲ್ಲ. ಗಾಡಿಯ ಹೆಸರಿದ್ದ ಪಟ್ಟಿ ಆ ಕಂಬದ ಮೇಲಿರಲಿಲ್ಲ, ಮುಂದಿನದರ ಮೇಲಿತ್ತು ಎಂಬುದಷ್ಟೇ ಸಮಾಧಾನ. ಕಾಕಾ ಏನೂ ಅನ್ನಲಿಲ್ಲ. ಹೆಗಲ ಮೇಲಿನ ಟವೆಲು ಕೊಡವಿ ಒಳಗೆ ಹೋಗಿ ಮಲಗಿಬಿಟ್ಟರು. ಬೈದಿದ್ದರೆ ಲೇಸಾಗಿತ್ತು. ಫೋಟೋ ತೆಗೆಯುತ್ತಿದ್ದ ಹುಡುಗನ ಮೊಬೈಲಿನಲ್ಲಿ ನೋಡಿದರೆ, ಬಲಗಡೆಯ ಹಿಂದಿನ ಮೂಲೆಯ ಚಿತ್ರದಲ್ಲಿ ಮಣ್ಣಿನ ಮುದ್ದೆಯ ಹೊರತು ಬೋಲ್ಟು ಬಿಚ್ಚಿದ ಗುರುತೇ ಇರಲಿಲ್ಲ. ನನ್ನ ದಫ್ತರದ ಮೇಲಿನ ಅವನ ಕನಿಕರ ಅಂದಿನಿಂದ ಸಾಧಾರವಾಯಿತು.

ಮರುದಿನ ಚಾಚಾ, ಮೊದಲೇ ಮಾಡಬೇಕಾಗಿದ್ದ ಕೆಲಸ ಇದು, ತಪ್ಪು ನನ್ನದೂ ಇದೆ ಎಂದು ಹೇಳುತ್ತ ಬಾಗಿಲನ್ನು ಮತ್ತೆ ತಿರುಗಣಿಗೆ ಏರಿಸಿದರು. ಉಕ್ಕಿನ ತಂತಿಯನ್ನು ಕಂಬದಿಂದ ಕಂಬಕ್ಕೆ ಬಿಗಿದು, ತಿರುಪು ತಿರುಗಿಸುತ್ತ ಕೂದಲಷ್ಟು ಕೂದಲಷ್ಟೇ ಎಳೆದು, ಬಾಗಿಲು ಸದ್ದಿಲ್ಲದೆ ಮುಚ್ಚುವವರೆಗೆ ಚೌಕಟ್ಟನ್ನು ಕೂಡಿಸಿದರು. ಹಾಗೆ ಕೂಡಿದ ಸ್ಥಿತಿಯಲ್ಲಿಯೇ ಎರಡೂ ಕಡೆ ಕಂಬಗಳ ನಡುವೆ ಕಬ್ಬಿಣದ ಆಂಗ್ಲ್ ಪಟ್ಟಿಗಳನ್ನು ಅಡ್ಡಲಾಗಿಯೂ ಓರೆಯಾಗಿಯೂ ಬೆಸೆದರು. ಬುಡ ಸವೆದ ಕ್ಯಾಬಿನ್ನಿಗೆ ಕೆಳಗಿನ ಚಾಸಿಯೇ ಬೆನ್ನೆಲುಬು. ಅದರಿಂದ ಬಿಡಿಸುವ ಮುನ್ನ ಬೇರೊಂದು ಬೆನ್ನೆಲುಬು ಕೊಡದಿದ್ದರೆ ತಗಡು ತನ್ನ ಆಕಾರವನ್ನೇ ಮರೆತುಬಿಡುತ್ತದೆ. ಹೀಗೆ ಭದ್ರಮಾಡಿ, ನಾಲ್ಕನೆಯ ಬೋಲ್ಟನ್ನು ಹುಡುಕಲು ಬಲಗಡೆಯ ಮೂಲೆಯ ಮಣ್ಣನ್ನು ಉಳಿಯಿಂದ ಕೆರೆದಾಗ ಕಬ್ಬಿಣ ಸಿಗಲಿಲ್ಲ, ಕಟ್ಟಿಗೆ ಸಿಕ್ಕಿತು.

ಇಲ್ಲಿ ಸ್ವಲ್ಪ ವಿವರಿಸಬೇಕು. ಲಾರಿ ಪಿಕಪ್ಪುಗಳ ಚಾಸಿ ಗಟ್ಟಿಯೆಂದು ಕಂಡರೂ ಹಾದಿಯ ತಗ್ಗುದಿಣ್ಣೆಗಳಲ್ಲಿ ಹಿಂಡಿದ ಬಟ್ಟೆಯಂತೆ ತುಸು ತಿರುಚಿಕೊಳ್ಳುತ್ತದೆ. ತಿರುಚಿಕೊಳ್ಳಬೇಕು, ಇಲ್ಲವಾದರೆ ಮುರಿಯುತ್ತದೆ. ಅದರ ಮೇಲೆ ತಗಡಿನ ಕ್ಯಾಬಿನ್ನನ್ನು ಬಿಗಿಯಾಗಿ ಕೂರಿಸಿದರೆ ಆ ತಿರುಚೆಲ್ಲ ತಗಡಿಗೆ ತಾಗಿ ಅದು ಬಿರಿಯುತ್ತದೆ. ಆದ್ದರಿಂದ 1947ರಲ್ಲಿ ಬಂದ ಈ ಮಾದರಿಯಲ್ಲಿ ಕ್ಯಾಬಿನ್ನನ್ನು ರಬ್ಬರಿನ ಮೇಲೆ ಕೂರಿಸಿದರು. ಹಿಂದಿನ ಮೂಲೆಗಳಲ್ಲಿ ರಬ್ಬರು ಬುಶ್ಶಿನ ಸಣ್ಣ ಕೊಂಡಿಗಳಿಂದ ಜೋಡಿಸಿದರು. ಕೆಳಗೆ ಚಾಸಿ ಹೊರಳಿದರೂ ಮೇಲೆ ಕೂತವರ ಮನೆ ನೆಟ್ಟಗಿರುವಂತೆ. ನಮ್ಮ ಗಾಡಿಯ ಎಡಗಡೆಯ ಕೊಂಡಿ ಹಾಗೆಯೇ ಇತ್ತು. ಬಲಗಡೆಯಲ್ಲಿ ಕೊಂಡಿಯೇ ಇಲ್ಲ. ಅದರ ಜಾಗದಲ್ಲಿ ಗೇಣುದ್ದದ ಜಾಲಿಯ ತುಂಡು, ಬಂಡಿಯ ಗುಂಬಕ್ಕೆ ಬಳಸುವಂಥ ಕೆಂಚು ತಿರುಳಿನದು. ಅದರ ನಡುವೆ ರಂಧ್ರ ಕೊರೆದು ತೂರಿಸಿದ ಉದ್ದನೆಯ ಬೋಲ್ಟು. ಕಲ್ಲಿನಷ್ಟು ಗಟ್ಟಿ.

ಕಾಕಾನನ್ನು ಕರೆದು ತೋರಿಸಿದೆವು. ಬಹಳ ಹೊತ್ತು ನೋಡಿದರು. ಆಮೇಲೆ ನೆನಪಾಯಿತು. ಅವರು ಕ್ಲೀನರಾಗಿದ್ದಾಗ, ಮೆಣಸಿನಕಾಯಿ ಹೇರಿಕೊಂಡು ಗದಗಿಗೆ ಹೋಗುವಾಗ ಹಳ್ಳದಲ್ಲಿ ಕೊಂಡಿ ಮುರಿದಿತ್ತು. ಬಿಡಿಭಾಗ ಬೇಕೆಂದರೆ ಮುಂಬಯಿ. ಕಂಪನಿಯೇ ಬಾಗಿಲು ಹಾಕಿ ವರ್ಷಗಳಾಗಿದ್ದವು. ಹಾದಿಯ ಊರೊಂದರ ಬಡಿಗೇರನು ರಾತ್ರಿ ಕಂದೀಲಿನ ಬೆಳಕಿನಲ್ಲಿ ಜಾಲಿಯ ತುಂಡು ಕೆತ್ತಿ ಕೊಟ್ಟ. ಅಜ್ಜ ಮಲಗಿ ಅದನ್ನು ಕೂರಿಸುವಾಗ ಕಂದೀಲು ಹಿಡಿದಿದ್ದವರು ಕಾಕಾ. ಬೆಳಗಾಗುವಷ್ಟರಲ್ಲಿ ಪೇಟೆ ಮುಟ್ಟಿದ್ದರು. “ಅವತ್ತ ನಿಂತಿದ್ರ ಆ ವರ್ಷದ್ದೆಲ್ಲ ಹೋಗ್ತಿತ್ತು” ಎಂದರು ಕಾಕಾ. ತಾತ್ಕಾಲಿಕವೆಂದು ಹಾಕಿದ ಆ ತುಂಡು ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕದಲಲಿಲ್ಲ.

ಕದಲಲಿಲ್ಲವೆಂಬುದೇ ತೊಡಕು. ಚಾಚಾ ಮಾತಾಡದೆ ಬೆರಳಿನಿಂದ ತೋರಿಸಿದರು. ನಿನ್ನೆ ಹರಿದ ಕಂಬದ ಬುಡದಲ್ಲಿ ಹೊಸ ಬಿರುಕಿನ ಹೊಳಪು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಹಳೆಯದು, ಕರಗಿದ ಬೆಲ್ಲದ ಬಣ್ಣದ್ದು. ಮೂರು ಮೂಲೆ ಮೆತ್ತಗೆ, ಒಂದು ಮೂಲೆ ಗಟ್ಟಿ. ಪ್ರತಿ ತಗ್ಗಿನಲ್ಲಿಯೂ ಚಾಸಿಯ ತಿರುಚು ಆ ಒಂದು ಕಂಬಕ್ಕೇ ತಾಗಿ ಎಷ್ಟೋ ವರ್ಷಗಳ ಹಿಂದೆಯೇ ಅದನ್ನು ಬಿರಿದಿತ್ತು. ಆ ಬಿರುಕಿನೊಳಗೆ ನೀರು ಇಳಿದು ತುಕ್ಕು ಹುಟ್ಟಿತ್ತು. ಅಂದರೆ ಗಾಡಿಯನ್ನು ಇಪ್ಪತ್ತು ವರ್ಷ ಓಡಿಸಿದ್ದೂ ಅದೇ ತುಂಡು, ಒಳಗಿನಿಂದ ತಿಂದದ್ದೂ ಅದೇ ತುಂಡು. ನನ್ನ ಎಣಿಕೆಯ ತಪ್ಪು ಕೊನೆಯ ಪೆಟ್ಟು ಕೊಟ್ಟಿತ್ತು, ಮೊದಲನೆಯದನ್ನಲ್ಲ. ಇದರಿಂದ ನನಗೆ ಸಮಾಧಾನವಾಗಬೇಕಾಗಿತ್ತು. ಕಾಕಾನ ಮುಖ ನೋಡಿದ ಮೇಲೆ ಆಗಲಿಲ್ಲ.

ಆ ಮಧ್ಯಾಹ್ನ ಕ್ಯಾಬಿನ್ನು ಸದ್ದಿಲ್ಲದೆ ಮೇಲೆದ್ದಿತು. ಕೆಳಗಿನಿಂದ ಚಾಸಿಯನ್ನು ಎಂಟು ಜನ ಹಿಂದಕ್ಕೆ ತಳ್ಳಿದೆವು. ಇಳಿಸಿದ ಕ್ಯಾಬಿನ್ನನ್ನು ಬೊಂಬುಗಳ ಮೇಲೆ ಹೊತ್ತು ದನದ ಕೊಟ್ಟಿಗೆಯ ಒಂದು ಮಗ್ಗುಲಿಗೆ, ನಾಲ್ಕು ಡ್ರಮ್ಮುಗಳ ಮೇಲೆ ಕೂರಿಸಿದೆವು. ಬಯಲಿನಲ್ಲಿ ನಿಂತ ಬರಿಯ ಚಾಸಿ, ಅದರ ಮೇಲೆ ಆರು ಸಿಲಿಂಡರಿನ ಇಂಜಿನ್ನು, ಆಕಾಶಕ್ಕೆ ಚಾಚಿದ ಸ್ಟೇರಿಂಗಿನ ಕಂಬ. ಊರಿನಲ್ಲಿ ಶಿರಚ್ಛೇದದ ಸುದ್ದಿ ಹಬ್ಬಿದ್ದು ಆವಾಗಲೇ. ಅವ್ವ ಹೊರಗೆ ಬಂದು ನೋಡಿದವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಸಂಜೆ ಕಾಕಾನ ಜೊತೆ ದೇವಾಲಯದ ಕಡೆ ಹೋದೆ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಈ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಅದೇ ದಂಡನಾಯಕನು ತಂದೆಯ ಹೆಸರಿನಲ್ಲಿಯೂ ತಾಯಿಯ ಹೆಸರಿನಲ್ಲಿಯೂ ಗುಡಿಗಳನ್ನು ಕಟ್ಟಿಸಿದ. ಬಳಪದ ಕಲ್ಲನ್ನು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ನಿಲ್ಲಿಸಿದ ಕಟ್ಟಡ. ಇಂಥವುಗಳನ್ನು ಬಿಚ್ಚಿ ಮತ್ತೆ ಕಟ್ಟಬಹುದು. ಕನ್ನಂಬಾಡಿಯ ಕಟ್ಟೆಯ ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಖೋಡೆ ಪ್ರತಿಷ್ಠಾನದವರು ಹೀಗೆಯೇ ಕಲ್ಲುಕಲ್ಲಿಗೆ ಅಂಕಿ ಹಾಕಿ ಬಿಚ್ಚಿ, ಎತ್ತರದ ನೆಲದಲ್ಲಿ ಮತ್ತೆ ನಿಲ್ಲಿಸಿದರು. ಅಲ್ಲಿ ದಫ್ತರ ಬರೆದವರು ನನಗಿಂತ ಜಾಗರೂಕರಾಗಿದ್ದಿರಬೇಕು. ಚಾಲುಕ್ಯರ ಗುಡಿಗಳಲ್ಲಿ ದುರಸ್ತಿ ಮಾಡಿದ ಕಡೆ, ಕಳೆದುಹೋದ ಕೆತ್ತನೆಯ ಬದಲು ಸಪಾಟು ಕಲ್ಲು ಕೂರಿಸಿರುವುದನ್ನು ವಾಚಕರು ನೋಡಿರಬಹುದು. ಹಳೆಯದು ಯಾವುದು, ಹೊಸದು ಯಾವುದು ಎಂದು ನೋಡಿದವರಿಗೆ ತಿಳಿಯಲಿ ಎಂಬುದು ಅದರ ಉದ್ದೇಶ. ನಾನಿದನ್ನು ಕಾಕಾಗೆ ವಿವರಿಸುತ್ತಿದ್ದೆ, ಉಪನ್ಯಾಸದ ಚಟ. ಅವರು ಕೇಳಿಸಿಕೊಂಡರೋ ಇಲ್ಲವೋ ಎಂದುಕೊಂಡಿದ್ದೆ.

ಮರುದಿನ ಚಾಚಾ ಎರಡು ಪ್ರಶ್ನೆಗಳನ್ನಿಟ್ಟರು. ಮೂಲರೂಪವೆಂದರೆ ಕಾರ್ಖಾನೆಯದೋ, ಅಜ್ಜನದೋ? ಕೊಂಡಿ ಹಾಕಬೇಕೋ, ಜಾಲಿಯ ತುಂಡನ್ನೇ ಮತ್ತೆ ಕೂರಿಸಬೇಕೋ? ಕಂಬದ ಬುಡವನ್ನು ಕತ್ತರಿಸಿ ಹೊಸ ತಗಡು ಬೆಸೆದ ಮೇಲೆ ಗೆರೆ ಕಾಣದಂತೆ ಪುಟ್ಟಿ ತುಂಬಬೇಕೋ, ಬೇಡವೋ? ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು: “ಕೊಂಡಿ ಹಾಕ್ರಿ. ಅಪ್ಪ ಇದ್ದಿದ್ರೂ ಕೊಂಡಿ ಸಿಕ್ಕಿದ್ರ ಅದನ್ನ ಹಾಕ್ತಿದ್ದ. ಬೆಸಿಗಿ ಗೆರಿ ಹೊರಗ ಮುಚ್ರಿ, ಒಳಗ ಹಂಗ ಇರಲಿ. ಬಾಗಲಾ ತಗದಾವ್ರಿಗೆ ಕಾಣಲಿ.”

ಜಾಲಿಯ ತುಂಡನ್ನು ನಾನು ‘ಞ’ ಡಬ್ಬಿಯಲ್ಲಿ ಇಡಹೊರಟೆ. ಕಾಕಾ ಅದನ್ನು ಕಸಿದುಕೊಂಡು, ಹರಳೆಣ್ಣೆ ಹಚ್ಚಿ, ಚಾಸಿಯ ಹಿಂದಿನ ಗಾಲಿಗೆ ಅಡೆಯಾಗಿ ಕೊಟ್ಟರು. ಇಳಿಜಾರಿನ ಹಿತ್ತಿಲು, ಉರುಳಬಾರದಲ್ಲ.

ರಜೆ ಮುಗಿದು ನಾನು ಕೆಲಸದ ಊರಿಗೆ ಬಂದಿದ್ದೇನೆ. ಕೊಂಡಿಯ ಬುಶ್ಶುಗಳಿಗೆ ಹೇಳಿ ಕಳಿಸಿ ಆಗಿದೆ. ತಗಡಿನ ಕೆಲಸ ಈ ವಾರ ಆರಂಭವಾಗಬೇಕಾಗಿತ್ತು. ನಿನ್ನೆ ಕಾಕಾನ ಫೋನು ಬಂತು: ಕೊಟ್ಟಿಗೆಯಲ್ಲಿದ್ದ ಕ್ಯಾಬಿನ್ನಿನೊಳಗೆ, ಟಾಕಿ ಇದ್ದ ಜಾಗದ ಕತ್ತಲಲ್ಲಿ, ಬೆಕ್ಕು ನಾಲ್ಕು ಮರಿ ಹಾಕಿದೆ. ಅವು ಕಣ್ಣು ಬಿಡುವವರೆಗೆ ಬೆಂಕಿಯ ಕೆಲಸ ಕೂಡದೆಂದು ಚಾಚಾಗೆ ತಾಕೀತು ಮಾಡಿದ್ದಾರೆ. ಯುಗಾದಿಯ ವಾಯಿದೆ ಏನಾಗಬೇಕು ಎಂದು ಕೇಳಿದೆ. “ಎಣಿಸಿ ನೋಡೀನಿ, ದಿನ ಅದಾವ” ಎಂದರು. ನಾಲ್ಕು ಮರಿಗಳೆಂಬುದನ್ನೂ ಅವರೇ ಎಣಿಸಿದ್ದು.